ಬಲರೆಕ್ಕೆಯ ಟಾಕಿ

ಅಮೋಗಸಿದ್ಧನ ಮಗಳು ಪ್ರಣಿತಾ ಸೊಲ್ಲಾಪುರದ ಚಾದರ ಗೋದಾಮೊಂದರಲ್ಲಿ ವಿಮಾನ ಕಟ್ಟಿದ್ದಾಳೆ ಎಂದರೆ ಅವನ ಊರು ವಾಗದರಿಯಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಕುರಿ ಕಾಯುವವನ ಬಾಯಿಗೆ ಬೀಗವಿಲ್ಲ ಎಂದು ನಕ್ಕರು. ಒಂದು ದಿನ ಅದೇ ವಿಮಾನ ಊರಿನ ಮೇಲೆ ಸುತ್ತು ಹಾಕಿ ಹೋಯಿತು ನೋಡಿ, ನಕ್ಕವರೇ ಅವನನ್ನು ಕರೆದು ಚಹಾ ಕುಡಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವನ ಹೆಗ್ಗಣಕ್ಕಂತೂ ರೆಕ್ಕೆಯೂ ಬಂದಿತ್ತು.

ಈಗ ಪ್ರಣಿತಾ ನಾಗಪುರಕ್ಕೆ ಹಾರಬೇಕಿತ್ತು. ಮನೆಯಲ್ಲೇ ವಿಮಾನ ಕಟ್ಟಿದವರೆಲ್ಲ ಅಲ್ಲಿ ಕೂಡುವವರಿದ್ದರು. ಇದ್ದ ಟಾಕಿಯ ಪೆಟ್ರೋಲು ಅಷ್ಟು ದೂರಕ್ಕೆ ಸಾಲದು. ಅದಕ್ಕೆ ಎರಡೂ ರೆಕ್ಕೆಗಳೊಳಗೆ ಒಂದೊಂದು ಹೆಚ್ಚಿನ ಟಾಕಿ ಕೂರಿಸಿದಳು. ತಗಡು ಕತ್ತರಿಸಿದ್ದು, ಬೆಸೆದದ್ದು, ಸೋರುತ್ತದೋ ಎಂದು ಸಾಬೂನು ನೀರು ಹಚ್ಚಿ ನೋಡಿದ್ದು ಎಲ್ಲ ಅವಳೇ. ತಪಾಸಣೆಯ ಸಾಹೇಬರು ಪುಣೆಯಿಂದ ಬಂದು ಒಪ್ಪಿದರೆ ನಾಗಪುರ, ಇಲ್ಲವಾದರೆ ಇಲ್ಲ.

ಸಾಹೇಬರು ಬರುವ ದಿನ ಅಮೋಗಸಿದ್ಧ ಮೊದಲ ಬಸ್ಸು ಹಿಡಿದು ಅಕ್ಕಲಕೋಟೆಯ ಮೇಲೆ ಹಾಯ್ದು ಬಂದ. ಸೊಂಟದ ಚೀಲದಲ್ಲಿ ಕುಲದೇವರು ಬೀರೋಬನ ಭಂಡಾರವಿತ್ತು. ಹೊಸ ಟಗರು ಬಂದರೆ ಹಣೆಗೆ ಭಂಡಾರದ ಅರಿಸಿನ ಹಚ್ಚದೆ ಹಿಂಡಿಗೆ ಬಿಡುವ ಪದ್ಧತಿ ಅವನ ಮನೆತನದಲ್ಲಿಲ್ಲ. ಟಾಕಿಯೂ ಹೊಸದೇ ಅಲ್ಲವೇ? ಮಗಳು ಒಳಗೆ ಸಾಹೇಬರ ಜೊತೆ ಮಾತಾಡುತ್ತಿದ್ದಾಗ ರೆಕ್ಕೆಯ ಹಣೆ ಎಲ್ಲಿದೆ ಎಂದು ಹುಡುಕಿದ. ಬಲರೆಕ್ಕೆಯಲ್ಲಿ ಮುಂದಕ್ಕೆ ಮುಖ ಮಾಡಿದ ಸಣ್ಣ ನಳಿಗೆಯೊಂದು ಕಂಡಿತು. ಇದೇ ಇರಬೇಕೆಂದು ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಹೆಬ್ಬೆರಳಿನಿಂದ ಒತ್ತಿ ಹಚ್ಚಿ, ಕೈ ಮುಗಿದ. ಶುಭಕ್ಕೆ ಬಲಗಡೆ ಒಂದೇ ಸಾಕು.

ಪರೀಕ್ಷೆ ಶುರುವಾಯಿತು. ಪಂಪು ಒತ್ತಿದೊಡನೆ ಎಡಟಾಕಿಯ ಪೆಟ್ರೋಲು ಡಬ್ಬಿಗೆ ಧಾರೆಯಾಗಿ ಬಿತ್ತು. ಬಲದ್ದು ಮೊದಲು ಚೆನ್ನಾಗಿ ಬಂದು, ಬರಬರುತ್ತ ಸಣ್ಣಗಾಗಿ ನಿಂತೇಹೋಯಿತು. ಪ್ರಣಿತಾ ಪಂಪು ಬಿಚ್ಚಿ ನೋಡಿದಳು, ಅದರಲ್ಲಿ ದೋಷವಿರಲಿಲ್ಲ. ಸಾಹೇಬರು ಆಗದು ಎಂಬಂತೆ ತಲೆಯಾಡಿಸಿದರು.

"ಎಣ್ಣಿ ಡಬ್ಬಿಗೆ ಒಂದ ತೂತು ಹೊಡದಂಗ ಆಗೇದ," ಎಂದು ಅವಳು ಗೊಣಗಿದಳು. "ಒಳಗ ಗಾಳಿ ಹೋಗವಲ್ತು. ಗಾಳಿ ನಳಿಗಿ ಕಟ್ಟೇದೇನ?"

ಅಮೋಗಸಿದ್ಧ ತಾನು ಭಂಡಾರ ಹಚ್ಚಿದ ನಳಿಗೆಯತ್ತ ನೋಡಿದ. ಯಾರೂ ನೋಡದಂತೆ ಒರೆಸಿಬಿಡಬಹುದಿತ್ತು. ಆದರೆ ಮಗಳು ತನ್ನ ಕೈಕೆಲಸವನ್ನೇ ಅನುಮಾನಿಸುವುದನ್ನು ಅವನಿಂದ ನೋಡಲಾಗಲಿಲ್ಲ.

"ಯವ್ವಾ, ನಿಂದೇನೂ ತಪ್ಪಿಲ್ಲ. ಅಲ್ಲಿ ಭಂಡಾರ ಹಚ್ಚೀನಿ ನಾ."

ಸಾಹೇಬರು ಸಿಡಿದೆದ್ದರು. ವಿಮಾನದ ಹತ್ತಿರ ಕಂಡಕಂಡವರನ್ನು ಬಿಡುತ್ತೀರಾ, ಈ ಕಂಬಳಿಯವನು ಯಾರು ಎಂದು ಮರಾಠಿಯಲ್ಲಿ ಗದರಿದರು. ಅಮೋಗಸಿದ್ಧ ತಲೆ ತಗ್ಗಿಸಿದ. ಇವನು ಯಾರೋ ನನಗೆ ಗೊತ್ತಿಲ್ಲ ಎಂದೇ ಮಗಳು ಅನ್ನಲಿ, ನಾಗಪುರ ಒಂದು ತಪ್ಪದಿರಲಿ ಎಂದು ಬೀರೋಬನನ್ನು ಬೇಡಿಕೊಂಡ.

ಪ್ರಣಿತಾ ಕೈ ಒರೆಸಿಕೊಂಡು ಬಂದು ಅಪ್ಪನ ಪಕ್ಕದಲ್ಲಿ ನಿಂತಳು. ಮರಾಠಿಯಲ್ಲೇ ಉತ್ತರ ಕೊಟ್ಟಳು. ಇವರು ನನ್ನ ತಂದೆ. ಹೆಬ್ಬೆರಳಿಗೆ ಮುಚ್ಚಿಹೋಗುವಂಥ ಗಾಳಿಬಾಯಿ ಒಂದನ್ನೇ ಇಟ್ಟದ್ದು ನಾನು. ಇವತ್ತು ಭಂಡಾರ ಮುಚ್ಚಿತು, ನಾಳೆ ಕಣಜದ ಹುಳ ಗೂಡಿಗೆಂದು ಮಣ್ಣು ಮೆತ್ತೀತು. ಮೇಲೆ ಹೋದಾಗ ಗೊತ್ತಾಗಿದ್ದರೆ ಏನು ಮಾಡಬೇಕಿತ್ತು?

ಊಟವಾದ ಮೇಲೆ ಇನ್ನೊಮ್ಮೆ ನೋಡುತ್ತೇನೆ ಎಂದು ಸಾಹೇಬರು ಹೊರಟರು. ಅವರು ಊಟ ಮುಗಿಸಿ ಬರುವುದರೊಳಗೆ ಅವಳು ಟಾಕಿ ಖಾಲಿ ಮಾಡಿ, ನಳಿಗೆ ತೊಳೆದು, ಎರಡೂ ಕಡೆ ರೆಕ್ಕೆಯ ಕೆಳಗೆ ಜಾಲರಿ ಕಟ್ಟಿದ ಇನ್ನೊಂದು ಗಾಳಿಬಾಯಿ ಕೂರಿಸಿದ್ದಳು. ಸಾಹೇಬರು ಮುಂದಿನ ಬಾಯಿಯನ್ನು ತಾವೇ ಬೆರಳಿಟ್ಟು ಮುಚ್ಚಿ ಪಂಪು ಒತ್ತಿಸಿದರು. ಪೆಟ್ರೋಲು ನಿಲ್ಲಲಿಲ್ಲ. ಅವರು ಸಹಿ ಹಾಕಿದರು.

ಪ್ರಣಿತಾ ನಾಗಪುರಕ್ಕೆ ಹಾರಿದ ದಿನ ಫೋನು ಬಂದಾಗ ಅಮೋಗಸಿದ್ಧ ಕುರಿಗಳ ನಡುವೆ ನಿಂತಿದ್ದ.

"ಅಪ್ಪಾ, ಇಳದೀನಿ. ಪೆಟ್ರೋಲ್ ಇನ್ನೂ ಉಳದದ."

ಅವನು ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ.

"ಎರಡನೇ ಬಾಯಿ ಯಾಕಂತ ಇಲ್ಲಿ ಎಲ್ಲಾರೂ ಕೇಳಾಕತ್ತಿದ್ರು," ಅಂದಳು.

"ಹೇಳಬ್ಯಾಡವ್ವ, ಮಾನ ಹೋಗ್ತದ!"

"ಹೇಳೇಬಿಟ್ಟೀನಿ. ಮೈಕಿನಾಗ, ನಿನ್ನ ಹೆಸರು ತಗೊಂಡು. ಎಲ್ಲಾರೂ ಚಪ್ಪಾಳಿ ಹೊಡದ್ರು."

ಅಮೋಗಸಿದ್ಧ ಹಿಂಡನ್ನು ಬೇಗನೆ ಹಟ್ಟಿಗೆ ಹೊಡೆದ. ಮಾನ ಹೋದ ಸುದ್ದಿಯನ್ನು ಅಷ್ಟು ಜಂಬದಿಂದ ಮನೆಮನೆಗೂ ಹೇಳಿಕೊಂಡು ಬಂದವನು ವಾಗದರಿಯಲ್ಲಿ ಅವನೊಬ್ಬನೇ.