ಕಾಶಪ್ಪನ ಕಿವಿಗೆ ಬಿದ್ದ ಕ್ಯೂಬಾ

ಬನಹಟ್ಟಿಯಲ್ಲಿ ಮಗ್ಗದ ಸದ್ದು ನಿಂತರೆ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಅಳುತ್ತದೆ. ಅಂಥ ಊರಿನಲ್ಲಿ ಕಾಶಪ್ಪನಿಗೆ ಕಿವಿಯೇ ಕಸುಬು. ಅವನು ಪಾವರಲೂಮು ರಿಪೇರಿ ಮಾಡುವ ಜಾಬರ್. ಬೇರೆ ಜಾಬರ್‌ಗಳು ಪಾನಾ, ಸುತ್ತಿಗೆ ಹಿಡಿದು ಮಗ್ಗದ ಹೊಟ್ಟೆಯೊಳಗೆ ತಲೆ ಹಾಕಿದರೆ, ಕಾಶಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ, ಎಡಗಡೆಯಿಂದ ಐದನೆಯದರ ಲಾಳಿ ತಡವಾಗಿ ಬರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಮೊಬೈಲು ಬಂದ ಮೇಲಂತೂ ಬಾಗಿಲವರೆಗೆ ಹೋಗುವ ತ್ರಾಸೂ ತಪ್ಪಿತು. ರಬಕವಿ, ತೇರದಾಳ, ಮಹಾಲಿಂಗಪುರದ ಮಂದಿ ಫೋನು ಹಚ್ಚಿ ಮಗ್ಗದ ಮುಂದೆ ಹಿಡಿಯುತ್ತಿದ್ದರು, ಡಾಕ್ಟರ ಮುಂದೆ ಕೂಸಿನ ಬಾಯಿ ತೆಗೆಸಿದಂತೆ. ಕಾಶಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಲೇ ರೋಗ ಹೇಳುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಕವಿಗಳಿಗೆ ಬಿರುದು ಕೊಡುವ ನಾಡಿನಲ್ಲಿ ಕಿವಿಗೊಂದು ಬಿರುದು ಇಲ್ಲವಲ್ಲ ಎಂಬುದೊಂದೇ ಅವನ ಕೊರಗು.

ಆ ಕಿವಿಯನ್ನು ಹಿಂಡಿದವನು ರಬಕವಿಯ ವೀರಣ್ಣ ಸಾವಕಾರ.

ವೀರಣ್ಣನದು ಹನ್ನೆರಡು ಮಗ್ಗದ ಶೆಡ್ಡು, ಸೀರೆ ನೇಯ್ಗೆ. ನೇಕಾರರಿಗೆ ಬೇಸರವಾಗಬಾರದೆಂದು ಶೆಡ್ಡಿನಲ್ಲೊಂದು ದೊಡ್ಡ ಸ್ಪೀಕರ್ ತೂಗುಹಾಕಿ, ಜಮಖಂಡಿ ಬಜಾರಿನಿಂದ ಒಂದು ಪೆನ್‌ಡ್ರೈವ್ ತಂದಿದ್ದ. ಅದರ ಮೇಲೆ 'ಡೊಳ್ಳಿನ ಪದ, 501' ಎಂದು ಚೀಟಿ ಅಂಟಿಸಿತ್ತು. ಅಂಗಡಿಯವನ ಕೈ ತಪ್ಪಿತೋ, ಕಂಪ್ಯೂಟರಿನ ಕಣ್ಣು ತಪ್ಪಿತೋ, ಒಳಗೆ ಡೊಳ್ಳೂ ಇರಲಿಲ್ಲ, ಪದವೂ ಇರಲಿಲ್ಲ. ಗುಂಡಿ ಒತ್ತಿದರೆ ಗಿಲಗಿಲ, ಟಣಟಣ, ನಡುವೆ ಒಂದು ಹೆಣ್ಣಿನ ದನಿ, ಯಾವ ದೇಶದ ಭಾಷೆಯೋ. ಬೇರೆಯವರಾಗಿದ್ದರೆ ಪೆನ್‌ಡ್ರೈವನ್ನು ತಿರುಗಿ ಕೊಡಲು ಜಮಖಂಡಿ ಬಸ್ಸು ಹತ್ತುತ್ತಿದ್ದರು. ವೀರಣ್ಣ ಬೆರಕಿ ಮನುಷ್ಯ. ಅರ್ಧ ನಿಮಿಷದ ಹಾಡನ್ನು ಮಗ್ಗದ ಸದ್ದಿನ ಜೊತೆಗೇ ಹಿಡಿದು, ಇದಕ್ಕೇನಾಗಿದೆ ನೋಡಿರಿ ಎಂದು ಕಾಶಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದ.

ಕಾಶಪ್ಪನ ಉತ್ತರ ದನಿಯಲ್ಲೇ ಬಂತು. "ಸಾವಕಾರ್ರ, ಮದಲ ಮಗ್ಗ ನಿಂದ್ರಸ್ರಿ. ಪಿಕ್ಕರ್ ಸಡ್ಲ ಆಗೇತಿ, ಪಟ್ಟಾ ಜಾರಾಕತ್ತೇತಿ, ಒಳಗ ಯಾವದೋ ತಗಡ ಬಡ್ಯಾಕತ್ತೇತಿ. ಮತ್ತ ಆ ನೇಯೋ ಹೆಣಮಗಳು ಬಯ್ಯಾಕತ್ತಾಳಲ್ಲ, ಅಕೀದೇನೂ ತಪ್ಪಿಲ್ಲ. ಇಂಥಾ ಮಗ್ಗ ಕೊಟ್ರ ಅಕಿ ಮತ್ತೇನ ಮಾಡಬೇಕ್ರಿ."

ವೀರಣ್ಣ ಇದನ್ನು ಮೊದಲು ಶೆಡ್ಡಿನಲ್ಲಿ ಕೇಳಿಸಿದ, ಆಮೇಲೆ ಚಹಾದಂಗಡಿಯಲ್ಲಿ. ಅಲ್ಲಿಂದ ಅದು ಫೋನಿನಿಂದ ಫೋನಿಗೆ ಹಾರಿ ಮುಧೋಳ ದಾಟಿ ಬೀಳಗಿ ಮುಟ್ಟಿ, ಬಾಡಗಂಡಿಯ ಸಕ್ಕರೆ ಫ್ಯಾಕ್ಟರಿಯ ಮುಂದೆ ಪಾಳಿ ಹಚ್ಚಿ ನಿಂತ ಕಬ್ಬಿನ ಟ್ರ್ಯಾಕ್ಟರಿನವರಿಗೂ ಒಂದು ದಿನದ ಮನರಂಜನೆಯಾಯಿತು. ಕಾಶಪ್ಪ ಚಹಾಕ್ಕೆ ಹೋದರೆ ಅಂಗಡಿಯ ಚನಮಲ್ಲಪ್ಪ ಚಮಚದಿಂದ ಗ್ಲಾಸು ಬಡಿದು, ಇದಕ್ಕೆ ಯಾವ ರೋಗ ಎಂದು ಕೇಳುತ್ತಿದ್ದ. ನಗುವವರು ನಗಲಿ, ಅದಕ್ಕೆ ಕಾಶಪ್ಪ ಅಂಜಲಿಲ್ಲ. ಅಂಜಿದ್ದು ಫೋನಿನ ಮೌನಕ್ಕೆ. ವಾರ ಕಳೆದರೂ ಒಂದು ಮಗ್ಗವೂ ಅವನಿಗೆ ಕರೆ ಮಾಡಲಿಲ್ಲ. ಮಂದಿ ಇಚಲಕರಂಜಿಯಿಂದ ತಪಾಸಣೆಯ ಮಿಶಿನ್ನು ಹಿಡಿದು ಬರುವ ಮೆಕ್ಯಾನಿಕನನ್ನು ಕರೆಸತೊಡಗಿದರು. ಮೂವತ್ತು ವರ್ಷದ ಹೆಸರು ಮೂವತ್ತು ಸೆಕೆಂಡಿನಲ್ಲಿ ಹೋಗಿತ್ತು.

ಕಾಶಪ್ಪ ನೇರವಾಗಿ ವೀರಣ್ಣನ ಶೆಡ್ಡಿಗೆ ಹೋಗಿ ಪೆನ್‌ಡ್ರೈವ್ ಕೇಳಿದ. ಜಗಳ ಆಡಲಿಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡುವುದು ತನ್ನ ಕಸುಬು, ಈಗ ಕೆಟ್ಟಿರುವುದು ತನ್ನ ಕಿವಿ, ಅದನ್ನೂ ಬಿಚ್ಚಿ ನೋಡುತ್ತೇನೆ ಎಂದ. ವೀರಣ್ಣ ನಗುತ್ತ ಕೊಟ್ಟುಬಿಟ್ಟ.

ಮಗಳು ಪೂರ್ಣಿಮಾ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾಳೆ. ಪೆನ್‌ಡ್ರೈವನ್ನು ಟೀವಿಗೆ ಚುಚ್ಚಿ, ಹೆಸರು ಓದಿ ಹೇಳಿದಳು: ಸಾಲ್ಸಾ, ಮಾಂಬೊ, ಫ್ಲಮೆಂಕೊ. ಮೊದಲಿನ ಎರಡರ ಬೇರು ಕ್ಯೂಬಾ ಕಡೆಯದು, ಕೊನೆಯದು ಸ್ಪೇನಿನದು. ಕ್ಯೂಬಾದಲ್ಲಿ ಏನು ಬೆಳೆಯುತ್ತಾರೆ ಎಂದು ಕಾಶಪ್ಪ ಕೇಳಿದ. ಕಬ್ಬು ಎಂದಳು ಮಗಳು. ಹಾಗಾದರೆ ನಮ್ಮ ಮುಧೋಳ ಕಡೆಯ ಮಂದಿಯೇ ಅನ್ನು ಎಂದು ಅವನು ಚಕ್ಕಳಮಕ್ಕಳ ಹಾಕಿ ಕುಳಿತ.

ಸಾಲ್ಸಾ ಎಷ್ಟು ಕೇಳಿದರೂ ಸಾಲದಾಯಿತು. ಕಾಶಪ್ಪ ಅದನ್ನು ಮಗ್ಗದಂತೆಯೇ ಬಿಚ್ಚಿದ. ತುತೂರಿಯನ್ನು ಒಂದು ಕಡೆ ಇಟ್ಟ, ಡ್ರಮ್ಮನ್ನು ಇನ್ನೊಂದು ಕಡೆ. ತಾನು ತಗಡು ಎಂದದ್ದು ದನದ ಕೊರಳಿನ ಗಂಟೆಯಂಥದ್ದು, ಅದನ್ನೂ ಎತ್ತಿಟ್ಟ. ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿದದ್ದು ಎರಡು ಕಟ್ಟಿಗೆ ತುಂಡು ಬಡಿಯುವ ಸದ್ದು. ಮೂರು ಏಟು, ಚೂರು ಬಿಟ್ಟು ಎರಡು ಏಟು. ಮತ್ತೆ ಮೂರು, ಮತ್ತೆ ಎರಡು. ಕಾಶಪ್ಪ ಸೀಮೆಸುಣ್ಣ ತಗೊಂಡು ಗೋಡೆಯ ಮೇಲೆ ಗೀಟು ಹಾಕಿದ. ಏಟಿನ ನಡುವಿನ ಸಂದು ಒಂದರಂತೆ ಒಂದಿಲ್ಲ, ಆದರೆ ಪ್ರತಿ ಸುತ್ತೂ ಹಿಂದಿನ ಸುತ್ತಿನಂತೆಯೇ ಇದೆ.

"ಪೂರ್ಣಿಮಾ, ಇವ್ರ ಮಗ್ಗ ಕುಂಟತೇತಿ, ಆದ್ರ ಬೀಳಾಂಗಿಲ್ಲ," ಎಂದ. "ಕುಂಟೂದ ಇವ್ರ ನೇಗಿ ನೋಡ."

ಮಾಂಬೊ ಸರಳವಾಯಿತು. ಹೋದ ಕರೆಂಟು ತಟ್ಟನೆ ಬಂದಾಗ ಶೆಡ್ಡಿನ ಎಲ್ಲ ಮಗ್ಗಗಳೂ ಒಮ್ಮೆಲೇ ಎದ್ದು ನಿಲ್ಲುತ್ತವಲ್ಲ, ಅದೇ. ಫ್ಲಮೆಂಕೊ ಮಾತ್ರ ಅವನನ್ನು ಹಣಿಯಿತು. ಒಂದು ಗಿಟಾರು, ಹೆಣ್ಣೊಬ್ಬಳ ಒಡೆದ ದನಿ, ಹಿಮ್ಮಡಿಯಿಂದ ನೆಲ ಒದೆಯುವ ಸದ್ದು. ಹನ್ನೆರಡರ ಎಣಿಕೆ, ಒತ್ತು ಮಾತ್ರ ನೆನೆಸದ ಜಾಗದಲ್ಲಿ. ಏಳಕ್ಕೆ ಬಂದರೆ ಎಂಟು ಆಗಿಹೋಗಿರುತ್ತಿತ್ತು. ಮಗ್ಗದವನಿಗೆ ಮಗ್ಗಿಯೇ ತಪ್ಪಿತು.

ಮೂಲೆಯಲ್ಲಿ ಕಂಡಿಕಿಗೆ ನೂಲು ಸುತ್ತುತ್ತಿದ್ದ ಹೆಂಡತಿ ಶೇವಂತಿ ಚಕ್ರ ನಿಲ್ಲಿಸಿ ಹಾಡಿಗೆ ಕಿವಿಗೊಟ್ಟಳು. ಅವಳಿಗೆ ಎಣಿಕೆ ಬೇಕಾಗಲಿಲ್ಲ. "ಇಕೀ ಗಂಡ ಸಂತಿಗೆ ಹೋಗಿ ಬರೇ ಕೈಲೆ ಬಂದಾನ," ಎಂದು ತೀರ್ಪು ಕೊಟ್ಟು ಮತ್ತೆ ಚಕ್ರ ತಿರುವಿದಳು. ಮರುದಿನದಿಂದ ಅವಳು ಸಿಟ್ಟಿನಲ್ಲಿ ಪಾತ್ರೆ ಇಡುವುದೂ ಹನ್ನೆರಡಕ್ಕೆ ಸರಿಹೋಗುತ್ತಿತ್ತು. ತಾಳಿದವನು ಬಾಳಿಯಾನು ಎಂಬ ಗಾದೆ ಆ ಮನೆಯಲ್ಲಿ ತಾಳ ಹಾಕಿದವನು ಬಾಳಿಯಾನು ಎಂದಾಯಿತು.

ಹೀಗೆ ಕಾಶಪ್ಪ ಕ್ಯೂಬಾದಲ್ಲಿ ಅಲೆಯುತ್ತಿರುವಾಗ ರಬಕವಿಯಲ್ಲಿ ವೀರಣ್ಣನ ಮೂರನೇ ಮತ್ತು ನಾಲ್ಕನೇ ಮಗ್ಗಗಳು ಕೆಟ್ಟವು. ಗೇಣಿಗೊಮ್ಮೆ ಸೀರೆಯಲ್ಲಿ ದಪ್ಪ ಪಟ್ಟೆ ಮೂಡತೊಡಗಿತು. ಇಚಲಕರಂಜಿಯ ಮೆಕ್ಯಾನಿಕ ಎರಡು ಸಲ ಬಂದ. ಸದ್ದು ಚೊಕ್ಕಾಗಿ ಕೇಳಲೆಂದು ಉಳಿದ ಎಲ್ಲ ಮಗ್ಗ ನಿಲ್ಲಿಸಿ ಮೂರನೆಯದನ್ನು ಓಡಿಸಿದ, ಛಲೋ ಓಡಿತು. ಅದನ್ನು ನಿಲ್ಲಿಸಿ ನಾಲ್ಕನೆಯದನ್ನು ಓಡಿಸಿದ, ಅದೂ ಛಲೋ. ಕೈಗೆ ಸಿಕ್ಕ ಭಾಗ ಬದಲಿಸಿ ಹೋದ. ಅವನ ಬಸ್ಸು ಊರು ದಾಟುವುದರೊಳಗೆ ಪಟ್ಟೆ ಮತ್ತೆ ಹಾಜರ್.

ಇಷ್ಟು ದಿನ ನಕ್ಕ ಬಾಯಿಂದ ಕಾಶಪ್ಪನನ್ನು ಕರೆಯಲು ವೀರಣ್ಣನಿಗೆ ನಾಚಿಕೆ. ಅದಕ್ಕೆ ಒಂದು ಮುಂಜಾನೆ ಮಾತೊಂದೂ ಆಡದೆ ಆ ಎರಡು ಮಗ್ಗಗಳ ಅರ್ಧ ನಿಮಿಷದ ಸದ್ದನ್ನಷ್ಟೇ ಕಳಿಸಿದ. ಕಾಶಪ್ಪ ಕಿವಿಗೆ ಹಿಡಿದ. ಮೂರು ಏಟು, ಎರಡು ಏಟು. ಮತ್ತೆ ಮೂರು, ಎರಡು. ಅವನಿಗೆ ನಗು ಬಂತು. ಸಾವಕಾರ ಮತ್ತೆ ಬಲೆ ಬೀಸಿದ್ದಾನೆ.

"ಈ ಸಲ ನಾ ಸಿಗಾಂಗಿಲ್ರಿ ಸಾವಕಾರ್ರ," ಎಂದು ಉತ್ತರ ಕಳಿಸಿದ. "ಇದು ಸಾಲ್ಸಾ. ಇನ್ನ ನಾಕ ಸುತ್ತ ಆತಂದ್ರ ತುತೂರಿ ಬರ್ತಾವ, ಕೇಳ್ರಿ."

ತಾಸಿನೊಳಗೆ ವೀರಣ್ಣ ಸ್ಕೂಟರ್ ಹತ್ತಿ ಬಂದು ಬನಹಟ್ಟಿಯ ಆ ಕಟ್ಟೆಯ ಮುಂದೆ ನಿಂತ. ಮುಖ ಸಣ್ಣದಾಗಿತ್ತು.

"ಭಾಳ ಹೊತ್ತ ಕಾದೆ. ತುತೂರಿ ಬರಲಿಲ್ರಿ," ಎಂದ. "ನೀವರ ಬರ್ರಿ."

ಕಾಶಪ್ಪನಿಗೆ ಆಗ ತಿಳಿಯಿತು. ಖರೆ ಮಗ್ಗದ ರೋಗವನ್ನೇ ಅವನು ಹಾಡೆಂದು ಹೇಳಿ ಕಳಿಸಿದ್ದ. ಇದೂ ಊರಲ್ಲಿ ಹಬ್ಬಿದರೆ ಕಿವಿಯನ್ನು ಗೂಟಕ್ಕೆ ತೂಗುಹಾಕಬೇಕಾದೀತು. ಹೋಗಲೋ ಬೇಡವೋ ಎಂದು ನಿಂತವನನ್ನು ಒಳಗಿನಿಂದ ಶೇವಂತಿಯೇ ದೂಡಿದಳು. "ಮದಲ ಹಾಡಿಗೆ ಮಗ್ಗ ಅಂದ್ರಿ, ಈಗ ಮಗ್ಗಕ್ಕ ಹಾಡ ಅಂದ್ರಿ. ಅದಕ್ಕಿದು ಸರಿ ಹೋತು. ಹೋಗ್ರಿನ್ನ."

ಸ್ಕೂಟರಿನ ಹಿಂದೆ ಕುಳಿತ ಕಾಶಪ್ಪನ ತಲೆಯಲ್ಲಿ ಒಂದೇ ವಿಚಾರ. ಮೂರು-ಎರಡು ಕೇಳಿದ್ದಂತೂ ಖರೆ. ಆದರೆ ಒಂದು ಮಗ್ಗ ಕೆಟ್ಟರೆ ಒಂದೇ ನಮೂನಿ ಕುಂಟುತ್ತದೆ, ಹೀಗೆ ನಮೂನಿ ನಮೂನಿ ಕುಂಟುವುದಿಲ್ಲ.

ಶೆಡ್ಡಿಗೆ ಬಂದು ಮೂರನ್ನೂ ನಾಲ್ಕನ್ನೂ ಜೋಡಿಯಾಗಿ ಓಡಿಸಲು ಹೇಳಿದ. ಹನ್ನೆರಡು ಮಂದಿ ನೇಕಾರರು ಓಡುವ ಮಗ್ಗಗಳ ಮಗ್ಗುಲಲ್ಲೇ ಕೈಕಟ್ಟಿ ನಿಂತರು. ಕೆಲವರು ನಗಲು ತಯಾರಾಗಿಯೇ ನಿಂತಿದ್ದರು. ಕಾಶಪ್ಪ ಕಣ್ಣು ಮುಚ್ಚಿದ. ಆ ಸ್ಪೇನಿನ ಹೆಣ್ಣುಮಗಳು ನೆಲ ಒದೆಯುವುದನ್ನು ಎಷ್ಟೋ ದಿನ ಕೇಳಿದ್ದನಲ್ಲ, ಈಗ ಹೊಳೆಯಿತು: ಅವಳ ಹಿಮ್ಮಡಿ ಬರೀ ಒದೆಯುತ್ತದೆ, ನುಡಿಯುವುದು ನೆಲ. ಕಾಶಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಎರಡು ಮಗ್ಗಗಳ ನಡುವೆ ನಿಂತ. ಅಂಗಾಲು ಗುಡುಗುಡು ಎಂದಿತು.

"ಮೂರು ಇದರದು, ಎರಡು ಅದರದು," ಎಂದ. "ಮಗ್ಗದಾಗ ಏನೂ ಆಗಿಲ್ಲ. ಕೆಳಗ ನೋಡ್ರಿ."

ನೋಡಿದರೆ ಎರಡೂ ಮಗ್ಗಗಳ ಒಂದೊಂದು ಕಾಲಿನ ಕೆಳಗೆ ಹಾಸಿದ್ದ ಒಂದೇ ಉದ್ದನೆಯ ಕಲ್ಲು ನಡುವೆ ಬಿರುಕು ಬಿಟ್ಟಿತ್ತು. ಜೋಡಿಯಾಗಿ ಓಡಿದಾಗ ಮಾತ್ರ ಅದು ಏತದಂತೆ ಮೇಲೆ ಕೆಳಗೆ ಆಡಿ ಎರಡನ್ನೂ ಕುಂಟಿಸುತ್ತಿತ್ತು. ಇಚಲಕರಂಜಿಯವನು ಪ್ರತಿ ಸಲವೂ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೇಳಿದ್ದ. ಅರ್ಧ ತಾಳ ಕೇಳಿದವನಿಗೆ ಪೂರಾ ರೋಗ ಸಿಗುವುದಾದರೂ ಹೇಗೆ?

ನಗಲು ನಿಂತವರು ಬಗ್ಗಿ ಕಲ್ಲು ನೋಡಿದರು. ಕಲ್ಲು ಎಬ್ಬಿಸಲು ಹಾರೆ ತನ್ನಿರೆಂದು ವೀರಣ್ಣ ಕೂಗಿದ. ಕಾಶಪ್ಪ ಕೈ ಎತ್ತಿ ತಡೆದ.

"ಎರಡ ನಿಮಿಷ ತಡೀರಿ. ಉಳದಾವೆಲ್ಲ ನಿಂದ್ರಸ್ರಿ. ಇವ ಎರಡ ಓಡ್ಲಿ."

ಹತ್ತು ಮಗ್ಗ ನಿಂತವು. ಎರಡು ಮಗ್ಗ ಮೂರು-ಎರಡು, ಮೂರು-ಎರಡು ಎಂದು ನಡೆದವು. ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯಳಾದ ಲಕ್ಷ್ಮವ್ವ ಬಳೆಗೈಯಿಂದ ಖಾಲಿ ಡಬ್ಬಿ ತಟ್ಟಿದಳು. ಅವಳ ಪಕ್ಕದವನು ಕಂಡಿಕಿ ಪೆಟ್ಟಿಗೆ ಅಲುಗಿಸಿ ಗಿಲಗಿಲ ಅನ್ನಿಸಿದ. ವೀರಣ್ಣ ಸಾವಕಾರ ಗಂಭೀರವಾಗಿಯೇ ನಿಂತಿದ್ದ, ಆದರೆ ಅವನ ಹೊಟ್ಟೆ ಅವನನ್ನು ಕೇಳದೆ ತಾಳ ಹಾಕುತ್ತಿತ್ತು. ಎರಡು ನಿಮಿಷ ಕಾಲು ತಾಸಾಯಿತು. ಆ ಹೊತ್ತಿನಲ್ಲಿ ಪಟ್ಟೆ ಬಿದ್ದ ಸೀರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊಸ ಕಲ್ಲು ಕೂತ ಮೇಲೆ ಎರಡೂ ಮಗ್ಗ ಸಾಲಿ ಹುಡುಗರ ಕವಾಯತಿನಂತೆ ನೆಟ್ಟಗೆ ಓಡಿದವು. ಮರುದಿನ ಕಾಶಪ್ಪನ ಫೋನಿಗೆ ಮೂರು ಮಗ್ಗ ಮಾತಾಡಿದವು, ಅದರ ಮರುದಿನ ಏಳು. ಚನಮಲ್ಲಪ್ಪ ಈಗಲೂ ಗ್ಲಾಸು ಬಡಿಯುತ್ತಾನೆ, ಆದರೆ ತಾಳ ಸರಿಯಾಯಿತೋ ಇಲ್ಲವೋ ಎಂದು ಕೇಳುತ್ತಾನೆ.

ಬಿರುಕು ಬಿಟ್ಟ ಆ ಹಳೆಯ ಕಲ್ಲನ್ನು ವೀರಣ್ಣ ಎಸೆಯಲಿಲ್ಲ. ಶೆಡ್ಡಿನ ಬಾಗಿಲಿಗೆ ಮೆಟ್ಟಿಲಾಗಿ ಹಾಕಿಸಿದ. ಯಾಕೆಂದು ಕೇಳಿದವರಿಗೆ ಒಳ್ಳೆಯ ಕಲ್ಲು, ಹಾಳಾಗಬಾರದು ಎಂದ.

ತಿಂಗಳ ಮೇಲೆ ಕಾಶಪ್ಪ ಆ ದಾರಿಯಲ್ಲಿ ಹೋಗುತ್ತಿದ್ದ. ಶೆಡ್ಡಿಗೆ ರಜೆ, ಮಗ್ಗಗಳೆಲ್ಲ ಸುಮ್ಮನಿದ್ದವು. ಕಾಂಪೌಂಡಿನ ಆಚೆಯಿಂದ ಕಲ್ಲು ಕುಟ್ಟಿದ ಸದ್ದು ಬಂತು. ಮೂರು, ತುಸು ತಡೆದು ಎರಡು. ಯಾರೋ ಧೋತರ ಸರಬರ ಅನ್ನಿಸುತ್ತ, ಏದುಸಿರು ಬಿಡುತ್ತ, ಮೆಟ್ಟಿಲ ಮೇಲೆ ಹೆಜ್ಜೆ ಹಾಕುತ್ತಿದ್ದರು. ಕಾಶಪ್ಪ ಗೋಡೆಯಾಚೆ ಇಣುಕಲಿಲ್ಲ. ನಿಂತು, ಕಣ್ಣು ಮುಚ್ಚಿ, ಎರಡು ಸುತ್ತು ಕೇಳಿದ.

"ಸಾವಕಾರ್ರ, ಕಡೀದು ತಡಾ ಆಗಾಕತ್ತೇತಿ."

ಆಚೆ ಕಡೆ ಹೆಜ್ಜೆ ನಿಂತಿತು. ಒಂದು ಕೆಮ್ಮು ಬಂತು. ಆಮೇಲೆ ಮೆಲ್ಲಗೆ, ಮೊದಲಿನಿಂದ, ಮೂರು ಏಟು.