ನಾನು ಕೂಗಿದ್ದೇನು?

ಇಪ್ಪತ್ತೈದು ವರ್ಷಗಳ ಹಿಂದೆ ಒಡೆದುಹೋದ ನಮ್ಮ ಹೆವಿ ಮೆಟಲ್ ಬ್ಯಾಂಡಿನ ಹಳೆಯ ನಾಲ್ವರೂ ಸೇರಿ ಹೊಸ ಆಲ್ಬಮ್ ಮಾಡೋಣ ಎಂದು ಗಿಟಾರಿನ ಸುಭಾಷ ಫೋನ್ ಮಾಡಿದಾಗ ನಾನು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಹಿಂದುಮುಂದು ನೋಡದೆ ಹೂಂ ಅಂದೆ. ಹಾಡುವವನು ನಾನು, ನನ್ನನ್ನು ಬಿಟ್ಟು ಇನ್ನಾರನ್ನು ಕರೆದಾರು ಎಂಬ ಜಂಬ ಬೇರೆ.

"ಫಸ್ಟ್ ಟ್ರ್ಯಾಕ್ ನಮ್ದು ಹಳೇ ಹಿಟ್. ಸೇಮ್ ಟು ಸೇಮ್ ಹಾಡಬೇಕು, ಬಸು," ಅಂದ. "ಶನಿವಾರ, ಜೋಗೇಶ್ವರಿ ಸ್ಟುಡಿಯೊ. ಆಗಲಿಲ್ಲಾ ಅಂದ್ರ ಅದನ್ನ ದೂಸ್ರಾ ಸಿಂಗರ್ ಹಾಡ್ತಾನ. ಬುರಾ ಮತ್ ಮಾನ್ನಾ."

ಹಾಡಲು ಕೂತರೆ ಒಂದು ಪದವೂ ನೆನಪಿಲ್ಲ! ಅಂದು ಬರೆದುಕೊಂಡೇ ಇರಲಿಲ್ಲ, ಬಾಯಿಗೆ ಬಂದದ್ದನ್ನು ಕೂಗಿದ್ದೆ. ಹಳೆಯ ರೆಕಾರ್ಡಿಂಗನ್ನು ಲೋಕಲ್ ರೈಲಿನಲ್ಲಿ ಕೇಳಿದೆ, ಕಕ್ಕಸಿನಲ್ಲಿ ಕೇಳಿದೆ. ಗಂಟಲು ಸೀಳುವ ಗರ್ಜನೆ, ಅಷ್ಟೆ. ಅಭಿಮಾನಿಗಳು ನೆಟ್‌ನಲ್ಲಿ ತಾವೇ ಇಂಗ್ಲಿಷ್ ಸಾಲುಗಳನ್ನು ಬರೆದಿಟ್ಟಿದ್ದರು: ರಕ್ತ, ಸೈತಾನ, ಸರಪಳಿ. ಅವನ್ನು ಹಾಡಿ ನೋಡಿದರೆ ಉಸಿರು ಎಲ್ಲೋ, ತಾಳ ಎಲ್ಲೋ. ನಾನು ಹಾಡಿದ್ದು ಹಿಂದಿಯೋ, ಇಂಗ್ಲಿಷೋ, ಬರೀ ಕಿರುಚಾಟವೋ? ಸುಭಾಷನನ್ನು ಕೇಳಿದರೆ, "ಅರೆ, ಹಾಡಿದಾಂವ ನೀನು, ನನಗೇನ್ ಮಾಲೂಮ್?" ಅನ್ನುತ್ತಾನೆ. ತಲೆ ಮೊಸರುಗಡಿಗೆಯಾಯಿತು.

ಶುಕ್ರವಾರ ಸಂಜೆ ಮನೆಯಲ್ಲಿ ಮತ್ತೆ ಹಾಕಿದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಈ ಸಂಗೀತಕ್ಕೆ ಆಕೆ ಇಟ್ಟ ಹೆಸರು ಕೋಣನ ಕೂಗು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೊಪ್ಪಿನ ಮೇಲೆ ಕೈ ನಿಂತುಬಿಟ್ಟಿತ್ತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ. ಗರ್ಜನೆಯ ಜೊತೆಗೆ ಅವಳ ತುಟಿ ಅಲುಗಿತು. ಆಮೇಲೆ ಮೆಲ್ಲಗೆ ರಾಗ ಎಳೆದಳು.

"ಮಧ್ಯಾನಕ್ಕ ಉಣತೇನಂತ ಡಬ್ಬಿ ಒಯ್ದಿ, ನನ್ನ ದೊರಿಯೇ... ಡಬ್ಬಿ ಬಿಚ್ಚಲಾರದಽ ಮಲಗಿದ್ಯಲ್ಲೋ, ನನ್ನ ದೊರಿಯೇ..."

ರೆಕಾರ್ಡಿಂಗಿನ ನನ್ನ ಒಂದೊಂದು ಉಸಿರೂ ಅದಕ್ಕೆ ಕೂಡಿತು. ಪವಾಯಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಮೇಲಿಂದ ಬಿದ್ದು ಅಪ್ಪ ತೀರಿಕೊಂಡ ದಿನ, ನಮ್ಮ ಕಡೆಯ ಹೆಂಗಸರಂತೆ ಅವ್ವ ಹೀಗೇ ಹಾಡಿಕೊಂಡು ಅತ್ತಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಎಂಥ ಕಲ್ಲೆದೆಯ ಮಗ ಎಂದು ಇಡೀ ಚಾಳಿನ ಮನೆಮನೆಯೂ ಆಡಿಕೊಂಡಿತ್ತು. ಅದಾದ ಇಪ್ಪತ್ತು ದಿನಕ್ಕೇ ಈ ಹಾಡಿನ ರೆಕಾರ್ಡಿಂಗ್ ಇತ್ತು.

"ಅಪ್ಪ ಸತ್ತರೂ ಮಗ ಅಳಲಿಲ್ಲಾ ಅಂತ ಇಷ್ಟ್ ವರ್ಷ ಹೊಟ್ಯಾಗ ಇಟಗೊಂಡಿದ್ದೆ," ಎಂದಳು ಅವ್ವ. "ನೀ ಅಲ್ಲಿ ಹೋಗಿ ಅತ್ತಿದ್ಯಲ್ಲೋ, ಬಸು."

ಶನಿವಾರ ಮೈಕಿನ ಮುಂದೆ ನಿಂತೆ. ಈಗ ಪದಗಳೆಲ್ಲ ಬಾಯಲ್ಲೇ ಇದ್ದವು, ಗರ್ಜನೆಯೇ ಇರಲಿಲ್ಲ. ಗಂಟಲಿಂದ ಬಂದದ್ದು ಅಳು, ಅದೂ ರಾಗವಾಗಿ.

"ಏ ಬಸು, ಇದು ಸೇಮ್ ಇಲ್ಲ," ಗಾಜಿನ ಆಚೆಯಿಂದ ಸುಭಾಷ ಅಂದ. "ಔರ್ ಏಕ್ ಟೇಕ್?"

"ಅವತ್ತ ಹಾಡಿದ್ದು ಇದನ್ನಽ," ಎಂದು ಹೆಡ್‌ಫೋನ್ ತೆಗೆದಿಟ್ಟೆ. ದೂಸ್ರಾ ಸಿಂಗರ್ ಬಂದು ಹಾಡಲಿ, ರಕ್ತ, ಸೈತಾನ, ಸರಪಳಿ ಎಲ್ಲ ಅವನಿಗೇ ಇರಲಿ. ನನಗೆ ಮನೆಗೆ ಹೋಗಿ ಅವ್ವನ ಎದುರಿಗೆ ಕೂತು ಅಳುವುದಿತ್ತು.