ಅಡುಗೆಮನೆ ಕಡೆಯ ಚಾಪೆ

“ನಮ್ಮ ಕಂಪುನಣ್ಣನ ಎದೆಯೊಳಗಿನ ಯಂತ್ರ ಒಂದು ಸಲ ಒದ್ದ ರಭಸಕ್ಕೆ ಮೆಕಾಂಗ್ ನದಿ ಮೂರು ಗಳಿಗೆ ಹಿಂದಕ್ಕೆ ಹರಿದಿತ್ತು. ಮೀನುಗಳಿಗೆ ತಲೆ ಯಾವ ಕಡೆ ಅನ್ನೋದೇ ಮರೆತುಹೋಗಿತ್ತು,” ಎನ್ನುತ್ತ ತೋಂಗ್ಲಾ ಕಂಪುನ್‌ನ ಹೆಣದ ಅಂಗೈಗೆ ಮಲ್ಲಿಗೆಯ ನೀರು ಸುರಿದ.

ಹೆಣದ ಕೈಗೆ ಕೊನೆಯ ನೀರೆರೆಯಲು ಬಟ್ಟಲು ಹಿಡಿದು ಸಾಲಿನಲ್ಲಿ ನಿಂತವರು ನಕ್ಕರು. ಸಾವಿನ ಮನೆಯಲ್ಲಿ ನಗಿಸುವುದು ಅವನದೇ ಕೆಲಸ. ಅವನು ಬಾಯಿಬಿಟ್ಟರೆ ಹೆಣವೂ ಎದ್ದು ಕೂತು ‘ಆಮೇಲೆ?’ ಎನ್ನಬೇಕು. ಒಬ್ಬ ಮುದುಕಿ ಮಾತ್ರ, ಮುಟ್ಟಿದರೆ ಆ ಯಂತ್ರ ಈಗಲೂ ಕರೆಂಟು ಹೊಡೆಯುತ್ತದೆಯೇ ಎಂದು ಕೇಳಿದಳು. ಚಿತೆಯಲ್ಲಿ ಸಿಡಿಯುತ್ತದೆಂದು ಆಸ್ಪತ್ರೆಯವರು ಬೆಳಿಗ್ಗೆಯೇ ಅದನ್ನು ತೆಗೆದು ಎದೆ ಹೊಲಿದಿದ್ದಾರೆಂದು ಯಾರೋ ಧೈರ್ಯ ಹೇಳಿದರು.

ಕೊನೆಗೆ ಹೆಂಡತಿ ಬುವಾಲೈಯ ಸರದಿ. ಅವಳು ಮಾರು ದೂರದಲ್ಲೇ ನಿಂತುಬಿಟ್ಟಳು.

“ನಾಲ್ಕು ವರ್ಷ ನನ್ನ ಕೈಲಿ ಮುಟ್ಟಿಸಿಕೊಳ್ಳಲಿಲ್ಲ. ಇವತ್ತು ಯಾಕೆ ಮುಟ್ಟಲಿ?”

ನಗು ನಿಂತಿತು. ನಿನ್ನೆ ಯಂತ್ರ ಒದ್ದು ಒದ್ದು ಸೋತು, ಅಡುಗೆಮನೆ ಕಡೆಯ ಚಾಪೆಯ ಮೇಲೆ ಅವನು ಒಬ್ಬನೇ ಸತ್ತದ್ದು ಎಲ್ಲರಿಗೂ ಗೊತ್ತು. ಅಲ್ಲೇಕೆ ಮಲಗುತ್ತಿದ್ದನೆಂದು ಯಾರೂ ಕೇಳಿರಲಿಲ್ಲ.

“ಅವನ ಬೆನ್ನಿಗೇ ಇದ್ದವನು ನೀನು, ತೋಂಗ್ಲಾ. ಬೇರೆ ಯಾವಳಾದ್ರೂ ಇದ್ಲಾ? ಒಂದೇ ಒಂದು ಸಲ ನಿಜ ಹೇಳು,” ಎಂದಳು ಬುವಾಲೈ.

*

ಕಂಪುನ್‌ನ ಅಣ್ಣ ಮಲಗಿದ್ದಲ್ಲೇ ಸತ್ತ ವರ್ಷ, ವಿಧವೆ ದೆವ್ವ ಗಂಡಸರನ್ನು ಒಯ್ಯುತ್ತಿದೆಯೆಂದು ಊರ ಗಂಡಸರೆಲ್ಲ ಅದರ ಕಣ್ಣಿಗೆ ಹೆಂಗಸರಂತೆ ಕಾಣಲೆಂದು ಉಗುರಿಗೆ ಕೆಂಪು ಬಳಿದು ಮಲಗುತ್ತಿದ್ದರು. ತೋಂಗ್ಲಾ ಹತ್ತು ಉಗುರು ಸಾಲದೆ ತುಟಿಗೂ ಬಳಿದುಕೊಂಡಿದ್ದ. ಕಂಪುನ್‌ಗೂ ಅಣ್ಣನ ಕಾಯಿಲೆಯೇ ಇದೆಯೆಂದು ವೈದ್ಯರು, ಎದೆಬಡಿತ ತಪ್ಪಿದರೆ ಕರೆಂಟಿನಿಂದ ಒದ್ದು ಎಬ್ಬಿಸುವ ಪೆಟ್ಟಿಗೆಯೊಂದನ್ನು ಎದೆಯೊಳಗಿಟ್ಟರು.

ಅದು ಮೊದಲು ಒದ್ದದ್ದು ಕೆರೆ ಏರಿಯ ಮೇಲೆ, ಬಲೆ ಎಳೆಯುವಾಗ. ಕುಸಿದವನ ಹೆಗಲನ್ನು ತೋಂಗ್ಲಾ ಹಿಡಿದುಕೊಂಡ. ಒಳಗಿಂದ ಎಮ್ಮೆ ಒದ್ದಂತಾಯಿತೆಂದ ಕಂಪುನ್, ಇನ್ನೊಂದು ಒದೆಗೆ ಉಸಿರು ಬಿಗಿಹಿಡಿದು ಕಾಯುತ್ತ ಕೂತ.

“ನಿಂಗೂ ಹೊಡೀತಾ?”

ನಗಿಸಲೆಂದು ತೋಂಗ್ಲಾ ಲುಂಗಿ ಎತ್ತಿ ಮೀನಖಂಡದ ಸುಟ್ಟಗಾಯ ತೋರಿಸಿದ. “ಕೈಯಿಂದ ಹೊಕ್ಕು ಕಾಲಿಂದ ಹೊರಟಿದೆ ನೋಡಣ್ಣ. ನಾನಾಗಿದ್ದಕ್ಕೆ ಉಳಿದೆ. ಅತ್ತಿಗೆ ಪಕ್ಕದಲ್ಲಿದ್ದಿದ್ರೆ ಬೂದಿ.”

ಕಂಪುನ್ ನಗಲಿಲ್ಲ. ಅಂದು ಸಂಜೆಯೇ ಅವನ ಚಾಪೆ ಅಡುಗೆಮನೆ ಕಡೆ ಹೋಯಿತು. ಹೆಂಡತಿ ತಟ್ಟೆ ಕೊಡಲು ಬಂದರೆ ನೆಲಕ್ಕಿಡು ಎನ್ನುತ್ತಿದ್ದ. ಕೈ ಸದಾ ಎದೆಯ ಪೆಟ್ಟಿಗೆಯ ಮೇಲೆ. ತೋಂಗ್ಲಾನಿಗೆ ಎಲ್ಲ ಕಾಣುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎಂದೇ ನಾಲ್ಕು ವರ್ಷ ಕಳೆಯಿತು.

*

ತೋಂಗ್ಲಾ ಬಟ್ಟಲು ಕೆಳಗಿಟ್ಟ.

“ಯಾರೂ ಇರಲಿಲ್ಲ ಅತ್ತಿಗೆ. ನಿಂಗೆ ಹೊಡೆದುಬಿಟ್ಟೀತು ಅಂತ ಹೆದರಿ ದೂರ ಮಲಗ್ತಿದ್ದ. ಹೊಡೆದು ಸಾಯಿಸ್ತದೆ ಅಂತ ಹೇಳಿದ್ದು ನಾನು. ಗಾಯ ತೋರಿಸಿ ನಂಬಿಸಿದೆ. ಅದು ಹಿಂದಿನ ದಿನ ಬೈಕಿನ ಸೈಲೆನ್ಸರ್ ಸುಟ್ಟಿದ್ದು. ಅವನನ್ನ ಹಿಡಿದಾಗ ನಂಗೆ ಬೆರಳು ಸ್ವಲ್ಪ ಜುಮ್ ಅಂತು. ಅಷ್ಟೇ.”

ಸಾಲಿನಲ್ಲಿದ್ದವರು ಕತೆಯ ಮುಂದಿನ ಭಾಗಕ್ಕೆ ಕಾದರು. ಮುಂದೆ ಏನೂ ಇರಲಿಲ್ಲ.

ಬುವಾಲೈ ಒಳಗೆ ಹೋಗಿ ತನ್ನ ಚಾಪೆ ತಂದಳು. ಅವನನ್ನು ಮಲಗಿಸಿದ್ದ ಚಾಪೆಯ ಅಂಚಿನ ಮೇಲೆ ಅದರ ಅಂಚು ಬರುವಂತೆ ಹಾಸಿ ಕೂತು, ಎದೆಯ ಹೊಸ ಹೊಲಿಗೆಯ ಮೇಲೆ ಅಂಗೈ ಇಟ್ಟಳು. ಶವಪೆಟ್ಟಿಗೆ ಹೊತ್ತವರು ಬಂದು ಬಾಗಿಲಲ್ಲಿ ನಿಂತರು. ಅವಳು ಕೈ ತೆಗೆಯಲಿಲ್ಲ.